ಹಾರ್ಟ್ ಮಾತ್ರೆ ದಿಢೀರನೆ ಬಿಡಬಹುದೇ? ಬೀಟಾ ಬ್ಲಾಕರ್ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿ

ಹೃದಯದ ಮಾತ್ರೆಗಳ ಬಗ್ಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಂದೇಶಗಳು ಸುತ್ತುತ್ತಿರುತ್ತವೆ. ಈ ಮಾತ್ರೆ ತಿಂದರೆ ಹೃದಯವೇ ದುರ್ಬಲವಾಗುತ್ತದೆ, ಗಂಡಸುತನ ಹೋಗುತ್ತದೆ, ಮನಸ್ಸು ಮಂಕಾಗುತ್ತದೆ, ಇಂದೇ ಬಿಟ್ಟುಬಿಡಿ ಎನ್ನುವುದು ಒಂದು ಬಗೆ. ಯಾವುದೋ ತೊಗಟೆಯ ಕಷಾಯ ಕುಡಿಯಿರಿ, ಮಾತ್ರೆಯ ಹಂಗೇ ಬೇಡ ಎನ್ನುವುದು ಇನ್ನೊಂದು. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತಿದ್ದರು. ಭಯ ಇರುವಲ್ಲಿ ಫಾರ್ವರ್ಡ್ ಬೇಗ ಓಡುತ್ತದೆ.

ಈ ಸಂದೇಶಗಳಲ್ಲಿ ಪೂರ್ತಿ ಸುಳ್ಳೇ ಇರುತ್ತದೆ ಎನ್ನುವಂತಿಲ್ಲ. ಬೀಟಾ ಬ್ಲಾಕರ್ ಎಂಬ ಗುಂಪಿನ ಮಾತ್ರೆಗಳಿಗೆ ಅಡ್ಡಪರಿಣಾಮಗಳು ಇರುವುದು ನಿಜ. ಆದರೆ ಆ ಅಡ್ಡಪರಿಣಾಮಗಳಿಗಿಂತ ಅಪಾಯಕಾರಿಯಾದ ಕೆಲಸವೊಂದಿದೆ: ವೈದ್ಯರಿಗೆ ಹೇಳದೆ ಮಾತ್ರೆಯನ್ನು ಒಂದೇ ದಿನಕ್ಕೆ ನಿಲ್ಲಿಸುವುದು. "ಇಂದೇ ಬಿಟ್ಟುಬಿಡಿ" ಎನ್ನುವ ಫಾರ್ವರ್ಡ್ ನಮ್ಮಿಂದ ಮಾಡಿಸುವುದು ಅದನ್ನೇ. ಕಾರವಾರ, ಅಂಕೋಲಾದ ಕಡೆಯವರಿಗೆ ಈ ಅಪಾಯ ಬೇರೆ ದಾರಿಯಲ್ಲೂ ಬರಬಹುದು. ಅದನ್ನೂ ಈ ಲೇಖನದಲ್ಲಿ ನೋಡೋಣ.

ನಿಮ್ಮ ಮನೆಯಲ್ಲಿರುವುದು ಇದೇ ಮಾತ್ರೆಯೇ?

"ಬಿಪಿ ಮಾತ್ರೆ" ಎಂಬ ಒಂದೇ ಮಾತ್ರೆ ಇಲ್ಲ. ರಕ್ತದೊತ್ತಡ ಇಳಿಸುವ ಔಷಧಗಳಲ್ಲಿ ನಾಲ್ಕೈದು ಗುಂಪುಗಳಿವೆ. ಒಂದೊಂದೂ ಒಂದೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ, ಒಂದೊಂದರ ತೊಂದರೆಯೂ ಬೇರೆ. ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದ ಊದುತ್ತದೆ. ಎನಾಲಾಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ನಾಡಿ ನಿಧಾನವಾಗುತ್ತದೆ. ಫಾರ್ವರ್ಡ್‌ಗಳು ಇವೆಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಬಿಡುತ್ತವೆ.

ಬೀಟಾ ಬ್ಲಾಕರ್ ಗುರುತಿಸಲು ಸುಲಭದ ಉಪಾಯವೊಂದಿದೆ. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ದೊಡ್ಡ ಹೆಸರಿನ ಜೊತೆ ಚಿಕ್ಕ ಅಕ್ಷರದಲ್ಲಿ ಔಷಧದ ಮೂಲ ಹೆಸರೂ ಇರುತ್ತದೆ. ಅದರ ಕೊನೆ "ಲಾಲ್" ಎಂದಿದ್ದರೆ ಬಹುಮಟ್ಟಿಗೆ ಅದು ಈ ಗುಂಪಿನದು: ಮೆಟೊಪ್ರೊಲಾಲ್, ಅಟೆನೊಲಾಲ್, ಬೈಸೊಪ್ರೊಲಾಲ್, ನೆಬಿವೊಲಾಲ್, ಕಾರ್ವೆಡಿಲಾಲ್, ಪ್ರೊಪ್ರನೊಲಾಲ್. ಅಂಗಡಿಯಲ್ಲಿ ಸಿಗುವ ಮೆಟ್ ಎಕ್ಸ್‌ಎಲ್, ಕಾನ್ಕಾರ್, ನೆಬಿಕಾರ್ಡ್, ಕಾರ್ಡಿವಾಸ್, ಸಿಪ್ಲಾರ್ ಮೊದಲಾದವೆಲ್ಲ ಇವುಗಳದೇ ಬ್ರ್ಯಾಂಡ್ ಹೆಸರುಗಳು. ಕೊನೆಯಲ್ಲಿ "ಜೋಲ್" ಇರುವ ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲಕ್ಕೆ ಕೊಡುವುದು, ಅದು ಬೇರೆಯೇ.

ಈ ಮಾತ್ರೆಗಳನ್ನು ಬರೀ ಬಿಪಿಗೆ ಕೊಡುವುದಿಲ್ಲ. ಹೃದಯಾಘಾತ ಆದವರಿಗೆ, ನಡೆದರೆ ಎದೆ ಹಿಡಿದಂತಾಗುವವರಿಗೆ, ಹೃದಯದ ಪಂಪು ಮಾಡುವ ಶಕ್ತಿ ಕುಗ್ಗಿದವರಿಗೆ, ಎದೆಬಡಿತ ಏರುಪೇರಾಗುವವರಿಗೆ ಕೊಡುತ್ತಾರೆ. ಮೈಗ್ರೇನ್ ತಲೆನೋವು, ಕೈನಡುಕ, ಥೈರಾಯ್ಡ್ ಹೆಚ್ಚಾಗಿ ಎದೆ ಹೊಡೆದುಕೊಳ್ಳುವುದು, ಇವುಗಳಿಗೂ ಪ್ರೊಪ್ರನೊಲಾಲ್ ಬರೆಯುವುದುಂಟು. ಆದ್ದರಿಂದ "ನನಗೆ ಬಿಪಿ ಈಗ ನಾರ್ಮಲ್ ಇದೆ, ಮಾತ್ರೆ ಯಾಕೆ?" ಎಂದು ಕೇಳುವ ಮೊದಲು ಆ ಮಾತ್ರೆಯನ್ನು ನಿಮಗೆ ಯಾತಕ್ಕೆ ಬರೆದಿದ್ದರು ಎಂಬುದು ಗೊತ್ತಿರಬೇಕು.

ಒಳಗೆ ಏನು ಮಾಡುತ್ತದೆ?

ಹೆದರಿದಾಗ, ಓಡಿದಾಗ, ಸಿಟ್ಟು ಬಂದಾಗ ನಮ್ಮ ಮೈಯಲ್ಲಿ ಅಡ್ರಿನಲಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಹೃದಯದ ಜೀವಕೋಶಗಳ ಮೇಲೆ ಅದನ್ನು ಹಿಡಿದುಕೊಳ್ಳುವ ಪುಟ್ಟ ಕೊಂಡಿಗಳಿವೆ. ಅವಕ್ಕೆ ಬೀಟಾ ರಿಸೆಪ್ಟರ್ ಎಂದು ಹೆಸರು. ಅಡ್ರಿನಲಿನ್ ಅಲ್ಲಿ ಕೂತ ಕೂಡಲೇ ಹೃದಯ ಜೋರಾಗಿ, ಬೇಗಬೇಗ ಬಡಿಯತೊಡಗುತ್ತದೆ. ಬೀಟಾ ಬ್ಲಾಕರ್ ಮಾತ್ರೆ ಆ ಕೊಂಡಿಯ ಮೇಲೆ ತಾನೇ ಹೋಗಿ ಕೂರುತ್ತದೆ. ಅಡ್ರಿನಲಿನ್‌ಗೆ ಜಾಗ ಸಿಗುವುದಿಲ್ಲ. ಬಡಿತ ನಿಧಾನವಾಗುತ್ತದೆ, ಹೃದಯಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆಯಾಗುತ್ತದೆ.

ಇಂಥ ಕೊಂಡಿಗಳಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ ಇರಬೇಕು ಎಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಹೇಳಿದರು. ಅದನ್ನು ಹಿಡಿದುಕೊಂಡು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದ ಮೊದಲರ್ಧದಲ್ಲಿ ಪ್ರೊಪ್ರನೊಲಾಲ್ ರೂಪಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಮೊದಮೊದಲು ಹೃದಯ ಸೋತವರಿಗೆ ಈ ಮಾತ್ರೆ ಕೊಡಲೇಬಾರದು ಎಂದು ವೈದ್ಯರೇ ನಂಬಿದ್ದರು. 1999ರಲ್ಲಿ ಎರಡು ದೊಡ್ಡ ಪ್ರಯೋಗಗಳು ಪ್ರಕಟವಾದವು, ಒಂದು ಬೈಸೊಪ್ರೊಲಾಲ್ ಮೇಲೆ, ಇನ್ನೊಂದು ಮೆಟೊಪ್ರೊಲಾಲ್ ಮೇಲೆ. ಸೋತ ಹೃದಯದವರಲ್ಲಿ ಸಾವಿನ ಪ್ರಮಾಣ ಎರಡರಲ್ಲೂ ಸುಮಾರು 34 ಶೇಕಡಾ ಕಡಿಮೆಯಾಗಿತ್ತು. "ಈ ಮಾತ್ರೆ ಹೃದಯವನ್ನು ದುರ್ಬಲ ಮಾಡುತ್ತದೆ" ಎನ್ನುವ ಫಾರ್ವರ್ಡ್ ಹಿಡಿದುಕೊಂಡಿರುವುದು ಆ ಹಳೆಯ ನಂಬಿಕೆಯನ್ನೇ. ಆದರೆ ಒಂದು ಮಾತು: ಹೃದಯ ಸೋತವರಿಗೆ ಇದನ್ನು ತೀರ ಸಣ್ಣ ಡೋಸಿನಿಂದ ಶುರು ಮಾಡಿ, ವಾರಗಳ ಲೆಕ್ಕದಲ್ಲಿ ಏರಿಸಬೇಕು. ಡೋಸನ್ನು ನಾವೇ ಹೆಚ್ಚಿಸಿಕೊಳ್ಳುವ ಹಾಗಿಲ್ಲ.

ಅಡ್ಡಪರಿಣಾಮಗಳು: ಯಾವುದು ನಿಜ, ಯಾವುದು ಉಬ್ಬಿಸಿದ್ದು?

ಸುಸ್ತು ಮತ್ತು ತಲೆಸುತ್ತು: ನಿಜ. ಶುರು ಮಾಡಿದ ಮೊದಲ ವಾರಗಳಲ್ಲಿ ಹೆಚ್ಚು, ಆಮೇಲೆ ಹಲವರಿಗೆ ತಗ್ಗುತ್ತದೆ. ಕೂತಲ್ಲಿಂದ, ಮಲಗಿದಲ್ಲಿಂದ ಒಮ್ಮೆಲೇ ಏಳಬಾರದು. ಬೈತಖೋಲ್ ಬಂದರಿನಿಂದ ಬೋಟಿಗೆ ಹೋಗುವವರು, ತೆಂಗಿನಮರ ಹತ್ತುವವರು, ಬೈಕ್ ಓಡಿಸುವವರು ಹೊಸದಾಗಿ ಮಾತ್ರೆ ಶುರುವಾದ ದಿನಗಳಲ್ಲಿ ಮೈ ಹೇಗೆ ಒಗ್ಗುತ್ತದೆ ಎಂದು ನೋಡಿಕೊಂಡೇ ಕೆಲಸಕ್ಕೆ ಇಳಿಯಬೇಕು.

ಕೈಕಾಲು ತಣ್ಣಗಾಗುವುದು: ನಿಜ. ಸಾಮಾನ್ಯವಾಗಿ ಅಪಾಯದ್ದಲ್ಲ. ಆದರೆ ನಡೆದರೆ ಮೀನಖಂಡ ನೋಯುವುದು, ಬೆರಳು ಬಿಳಚಿ ನೋಯುವುದು ಇದ್ದರೆ ವೈದ್ಯರಿಗೆ ಹೇಳಬೇಕು.

ಕೆಟ್ಟ ಕನಸು, ನಿದ್ದೆಗೆಡುವುದು: ಕೆಲವರಿಗೆ ಆಗುತ್ತದೆ. ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವುದರಿಂದ ಮಿದುಳಿನೊಳಗೆ ಹೆಚ್ಚು ಹೋಗುತ್ತದೆ. ಅಟೆನೊಲಾಲ್ ಅಷ್ಟು ಹೋಗುವುದಿಲ್ಲ. ತೊಂದರೆ ಇದ್ದರೆ ಮಾತ್ರೆ ಬದಲಿಸುವ ದಾರಿ ಇದೆ.

ಖಿನ್ನತೆ: ಬಹಳ ವರ್ಷ ವೈದ್ಯರೂ ಇದನ್ನು ನಂಬಿದ್ದರು. 50 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2021ರಲ್ಲಿ ಬಂತು. ಬೀಟಾ ಬ್ಲಾಕರ್‌ಗೂ ಖಿನ್ನತೆಗೂ ಸಂಬಂಧ ಅದರಲ್ಲಿ ಕಾಣಲಿಲ್ಲ. ನಿದ್ದೆಯ ತೊಂದರೆ ಮಾತ್ರ ಇರಬಹುದು ಎಂದು ಅದು ಹೇಳಿತು. ಹಾಗೆಂದು ಮನಸ್ಸು ಕುಗ್ಗಿದರೆ ಸುಮ್ಮನಿರಬೇಕು ಎಂದಲ್ಲ. ಹೃದಯಾಘಾತ ಆದ ಮೇಲೆ ಹಲವರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಬೇರೆ ಚಿಕಿತ್ಸೆ ಬೇಕು.

ಲೈಂಗಿಕ ತೊಂದರೆ: ಕೆಲವರಿಗೆ ಆಗುತ್ತದೆ. ಆದರೆ ಇಟಲಿಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಇಲ್ಲಿ ಹೇಳಲೇಬೇಕು. 96 ಗಂಡಸರಿಗೆ ಅಟೆನೊಲಾಲ್ ಕೊಟ್ಟರು. ಒಂದು ಗುಂಪಿಗೆ ಯಾವ ಮಾತ್ರೆ ಎಂದೇ ಹೇಳಲಿಲ್ಲ. ಎರಡನೇ ಗುಂಪಿಗೆ ಮಾತ್ರೆಯ ಹೆಸರು ಹೇಳಿದರು. ಮೂರನೇ ಗುಂಪಿಗೆ ಹೆಸರಿನ ಜೊತೆ, ಇದರಿಂದ ಲೈಂಗಿಕ ತೊಂದರೆ ಬರಬಹುದು ಎಂದೂ ಹೇಳಿದರು. ಮೊದಲ ಗುಂಪಿನಲ್ಲಿ ತೊಂದರೆ ಹೇಳಿಕೊಂಡವರು ಸುಮಾರು 3 ಶೇಕಡಾ, ಎರಡನೆಯದರಲ್ಲಿ ಸುಮಾರು 16 ಶೇಕಡಾ, ಮೂರನೆಯದರಲ್ಲಿ ಸುಮಾರು 31 ಶೇಕಡಾ. ಮಾತ್ರೆ ಒಂದೇ, ಹೆಚ್ಚಿದ್ದು ಭಯ. ಭಯ ಹುಟ್ಟಿಸುವ ಫಾರ್ವರ್ಡ್ ಕೂಡ ಹೀಗೆ ಒಂದು ಅಡ್ಡಪರಿಣಾಮವನ್ನು ಹಂಚಬಲ್ಲದು. ಇಂಥ ತೊಂದರೆ ಇದ್ದವರು ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿದರೆ ಡೋಸ್ ಅಥವಾ ಮಾತ್ರೆ ಬದಲಿಸಬಹುದು. ಸಕ್ಕರೆ ಕಾಯಿಲೆ, ಸಿಗರೇಟು, ರಕ್ತನಾಳದ ಕಾಯಿಲೆಯಿಂದಲೂ ಇದೇ ತೊಂದರೆ ಬರುತ್ತದೆ ಎಂಬುದು ನೆನಪಿರಲಿ.

ದಿಢೀರನೆ ನಿಲ್ಲಿಸಿದರೆ ಏನಾಗುತ್ತದೆ?

ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನಿಂದ ಕಾಳಿ ನದಿಗೆ ನೀರು ಬಿಡುವ ಮುಂಚೆ ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ. ಹಂತಹಂತವಾಗಿ ಬಿಟ್ಟ ನೀರನ್ನು ನದಿ ತಾಳಿಕೊಳ್ಳುತ್ತದೆ. ಎಲ್ಲ ಗೇಟುಗಳನ್ನೂ ಒಮ್ಮೆಲೇ ಎತ್ತಿದರೆ ನೀರು ತೋಟ, ಮನೆಗಳಿಗೆ ನುಗ್ಗುತ್ತದೆ. ಬೀಟಾ ಬ್ಲಾಕರ್ ನಿಲ್ಲಿಸುವುದೂ ಹೀಗೆಯೇ.

ತಿಂಗಳುಗಟ್ಟಲೆ ಮಾತ್ರೆ ಕೊಂಡಿಗಳನ್ನು ಮುಚ್ಚಿಟ್ಟಾಗ ದೇಹ ಸುಮ್ಮನಿರುವುದಿಲ್ಲ. ಅಡ್ರಿನಲಿನ್ ಸಿಗುತ್ತಿಲ್ಲವಲ್ಲ ಎಂದು ಇನ್ನಷ್ಟು ಹೊಸ ಕೊಂಡಿಗಳನ್ನು ಬೆಳೆಸಿಕೊಳ್ಳುತ್ತದೆ. ಮಾತ್ರೆ ಇರುವವರೆಗೆ ಇದು ಗೊತ್ತಾಗುವುದಿಲ್ಲ. ಮಾತ್ರೆ ಒಮ್ಮೆಲೇ ನಿಂತರೆ ಮುಚ್ಚಿದ್ದ ಹಳೆಯ ಕೊಂಡಿಗಳು, ಹೊಸದಾಗಿ ಬೆಳೆದ ಕೊಂಡಿಗಳು ಎಲ್ಲವೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಮೊದಲು ಹೃದಯವನ್ನು ಸ್ವಲ್ಪ ಓಡಿಸುತ್ತಿದ್ದ ಅಷ್ಟೇ ಅಡ್ರಿನಲಿನ್ ಈಗ ಅದನ್ನು ನಾಗಾಲೋಟಕ್ಕೆ ಹಚ್ಚುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ನಿಲ್ಲಿಸಿದ ಮೊದಲ ಒಂದೆರಡು ವಾರ ಹೆಚ್ಚು ಅಪಾಯದ್ದು.

ಇದು ಹೊಸದಾಗಿ ಗೊತ್ತಾದದ್ದಲ್ಲ. ಪ್ರೊಪ್ರನೊಲಾಲ್ ಒಮ್ಮೆಲೇ ನಿಲ್ಲಿಸಿದ ರೋಗಿಗಳಿಗೆ ಆದ ಅನಾಹುತಗಳ ವರದಿ 1975ರಲ್ಲೇ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಅಮೆರಿಕದಲ್ಲಿ ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್‌ಗಳ ಮಾಹಿತಿ ಪತ್ರದಲ್ಲಿ ಈ ಎಚ್ಚರಿಕೆಯನ್ನು ಮುದ್ರಿಸಲಾಗುತ್ತದೆ. ನಿಲ್ಲಿಸಲೇಬೇಕಾದರೆ ವೈದ್ಯರು ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳಲ್ಲಿ, ಕೆಲವೊಮ್ಮೆ ಇನ್ನೂ ನಿಧಾನವಾಗಿ, ಡೋಸ್ ಇಳಿಸುತ್ತಾ ಬರುತ್ತಾರೆ. ಆ ದಿನಗಳಲ್ಲಿ ಭಾರದ ಕೆಲಸ ಬೇಡ ಎನ್ನುತ್ತಾರೆ.

ಒಂದು ದಿನ ಮರೆತರೆ ಗಾಬರಿ ಬೇಡ. ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ.

ಕಾರವಾರ, ಅಂಕೋಲಾದವರಿಗೆ ಯಾಕೆ ವಿಶೇಷ ಎಚ್ಚರ?

ಫಾರ್ವರ್ಡ್ ಓದಿ ಮಾತ್ರೆ ಬಿಡುವವರು ಒಂದು ಕಡೆ. ಬಿಡುವ ಮನಸ್ಸಿಲ್ಲದಿದ್ದರೂ ಮಾತ್ರೆ ಸಿಗದೆ ತಪ್ಪಿಹೋಗುವವರು ಇನ್ನೊಂದು ಕಡೆ. ನಮ್ಮ ಕರಾವಳಿಯಲ್ಲಿ ಈ ಎರಡನೆಯದು ಸಣ್ಣ ವಿಷಯವಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಜೀವಗಳು ಹೋದವು, ದಿನಗಟ್ಟಲೆ ಸಂಚಾರ ನಿಂತಿತು. ಮೂರೇ ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವಾಕ್ಕೆ ಹೋಗುವ ದಾರಿ ಅದು. 2020ರ ಲಾಕ್‌ಡೌನಿನಲ್ಲಿ ಗೋವಾ ಗಡಿಯೂ ಮುಚ್ಚಿತ್ತು. ಹುಬ್ಬಳ್ಳಿಗೆ ಹೋಗುವ ಅರಬೈಲ್ ಘಟ್ಟವೂ ಮಳೆಗಾಲದಲ್ಲಿ ನಂಬುವಂಥದ್ದಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಆದರೂ ಹೃದಯದ ದೊಡ್ಡ ಚಿಕಿತ್ಸೆಗೆ ಇಲ್ಲಿನ ಬಹಳ ಜನ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡಾಡುತ್ತಾರೆ. ಆಸ್ಪತ್ರೆ ದೂರ ಇದ್ದವರ ಮಾತ್ರೆ ದಾರಿಯನ್ನು ನೆಚ್ಚಿಕೊಂಡಿರುತ್ತದೆ.

ಆದ್ದರಿಂದ ಮಳೆ ಹಿಡಿಯುವ ಮುಂಚೆ, ಅಕ್ಕಿ, ಕಟ್ಟಿಗೆ, ಒಣಮೀನು ಜೋಡಿಸಿಟ್ಟುಕೊಳ್ಳುವ ಹಾಗೆ, ಮಾತ್ರೆಯನ್ನೂ ಕನಿಷ್ಠ ಎರಡು ವಾರಕ್ಕೆ ಸಾಕಾಗುವಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ. ಕೊನೆಯ ಸ್ಟ್ರಿಪ್ ತೆರೆದ ದಿನವೇ ಮುಂದಿನದನ್ನು ತರುವ ರೂಢಿ ಒಳ್ಳೆಯದು. ನಮ್ಮ ಸೆಕೆಯ ಗಾಳಿಯಲ್ಲಿ ಮಾತ್ರೆಯನ್ನು ಬಿಡಿಸಿ ಡಬ್ಬಿಗೆ ಹಾಕಬೇಡಿ, ಸ್ಟ್ರಿಪ್ಪಿನಲ್ಲೇ ಇರಲಿ. ಆಗಸ್ಟಿನಲ್ಲಿ ಮೀನುಗಾರಿಕೆ ನಿಷೇಧ ಮುಗಿದು ಬೋಟು ಇಳಿದಾಗ ದಿನಗಟ್ಟಲೆ ಕಡಲಲ್ಲಿರುವವರು ಬೇಕಾದಷ್ಟು ಮಾತ್ರೆಯನ್ನು ನೀರು ತಾಗದ ಚೀಲದಲ್ಲಿ ಒಯ್ಯಬೇಕು. ತಂಡದಲ್ಲಿ ಇನ್ನೊಬ್ಬರಿಗೂ ಅದು ಗೊತ್ತಿರಲಿ.

ನಿಮ್ಮ ಬ್ರ್ಯಾಂಡ್ ಸಿಗದಿದ್ದರೆ ಮಾತ್ರೆ ಬಿಡಬೇಕಾಗಿಲ್ಲ. ಅದೇ ಮೂಲ ಹೆಸರು, ಅದೇ ಮಿಲಿಗ್ರಾಂ, ಅದೇ ಬಗೆಯ ಮಾತ್ರೆ ಬೇರೆ ಕಂಪನಿಯದ್ದು ಅಥವಾ ಜನೌಷಧಿ ಕೇಂದ್ರದ್ದು ಸಿಗಬಹುದು. ವೈದ್ಯರಿಗೆ ಒಂದು ಫೋನ್ ಮಾಡಿ, ಔಷಧ ಅಂಗಡಿಯವರನ್ನು ಕೇಳಿ ತೆಗೆದುಕೊಳ್ಳಿ. ಹೆಸರಿನ ಜೊತೆ ಎಕ್ಸ್‌ಎಲ್ ಅಥವಾ ಇಆರ್ ಎಂದಿದ್ದರೆ ಅದು ದಿನವಿಡೀ ನಿಧಾನವಾಗಿ ಕರಗುವ ಮಾತ್ರೆ. ಸಾಮಾನ್ಯ ಮಾತ್ರೆಗೂ ಅದಕ್ಕೂ ವ್ಯತ್ಯಾಸವಿದೆ. ಅದನ್ನು ಜಜ್ಜಿ, ಅಗಿದು ತಿನ್ನಬಾರದು.

ಎರಡು ಚೀಟಿ, ಒಂದೇ ಔಷಧ

ದೂರದ ಆಸ್ಪತ್ರೆಗಳ ಇನ್ನೊಂದು ತೊಡಕು ಇದು. ಅಂಕೋಲಾದ ಒಬ್ಬರಿಗೆ ಗೋವಾದ ವೈದ್ಯರು ಒಂದು ಬ್ರ್ಯಾಂಡಿನ ಮೆಟೊಪ್ರೊಲಾಲ್ ಬರೆದುಕೊಟ್ಟರು ಎಂದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಅವರು ಮಂಗಳೂರಿಗೆ ಹೋದರು, ಹಳೆಯ ಚೀಟಿ ಒಯ್ಯಲಿಲ್ಲ. ಅಲ್ಲಿಯ ವೈದ್ಯರು ಇನ್ನೊಂದು ಬ್ರ್ಯಾಂಡಿನ ಮೆಟೊಪ್ರೊಲಾಲ್ ಬರೆದರು. ಬಣ್ಣ ಬೇರೆ, ಹೆಸರು ಬೇರೆ. "ಅದು ಹಾರ್ಟಿಗೆ, ಇದು ಬಿಪಿಗೆ" ಎಂದು ಮನೆಯವರು ಎರಡನ್ನೂ ಕೊಟ್ಟರು. ನಾಡಿ ತೀರ ಇಳಿದು ಅವರು ಕುಸಿದು ಬಿದ್ದರೆ ತಪ್ಪು ಮಾತ್ರೆಯದಲ್ಲ.

ಇದಕ್ಕೆ ಪರಿಹಾರ ನಿಮ್ಮ ಕೈಯ ಫೋನಿನಲ್ಲೇ ಇದೆ. ಮನೆಯ ಹಿರಿಯರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಹರಡಿ, ಮೂಲ ಹೆಸರು ಕಾಣುವಂತೆ ಒಂದು ಫೋಟೋ ತೆಗೆಯಿರಿ. ಕೊನೆಯ ಚೀಟಿ, ಇಸಿಜಿ, ಎಕೋ ವರದಿಯ ಫೋಟೋಗಳನ್ನೂ ಸೇರಿಸಿ ಮನೆಯವರ ಗುಂಪಿನಲ್ಲಿ ಹಾಕಿಡಿ. ಯಾವ ಊರಿನ ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿ.

ಯಾರು ವೈದ್ಯರಿಗೆ ಮೊದಲೇ ಹೇಳಬೇಕು?

ಆಸ್ತಮಾ ಇದ್ದವರು: ಶ್ವಾಸನಾಳದಲ್ಲೂ ಬೀಟಾ ಕೊಂಡಿಗಳಿವೆ. ಅವು ಮುಚ್ಚಿದರೆ ನಾಳ ಬಿಗಿದು ಉಬ್ಬಸ ಬರಬಹುದು. ಪ್ರೊಪ್ರನೊಲಾಲ್‌ನಂಥವು ಆಸ್ತಮಾ ಇದ್ದವರಿಗೆ ಸಲ್ಲ. ಬೈಸೊಪ್ರೊಲಾಲ್, ಮೆಟೊಪ್ರೊಲಾಲ್ ಹೆಚ್ಚಾಗಿ ಹೃದಯದ ಮೇಲೇ ಕೆಲಸ ಮಾಡುತ್ತವೆ, ಆದರೂ ವೈದ್ಯರು ತೂಗಿ ನೋಡಿಯೇ ಕೊಡಬೇಕು.

ಸಕ್ಕರೆ ಕಾಯಿಲೆ ಇದ್ದವರು: ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳಿಂದ ರಕ್ತದ ಸಕ್ಕರೆ ತೀರ ಇಳಿದಾಗ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ. ಬೀಟಾ ಬ್ಲಾಕರ್ ಮೊದಲ ಎರಡನ್ನು ಅಡಗಿಸಿಬಿಡುತ್ತದೆ. ಉಳಿಯುವುದು ಬೆವರು. ಏಪ್ರಿಲ್–ಮೇ ತಿಂಗಳ ಕಾರವಾರದಲ್ಲಿ ಬೆವರದವರು ಯಾರು? ಸೆಕೆಯ ಬೆವರು ಎಂದು ತಳ್ಳಿಹಾಕುವ ಹಾಗಿಲ್ಲ. ಇದ್ದಕ್ಕಿದ್ದಂತೆ ಬೆವರಿ, ತಲೆ ಮಂಕಾಗಿ, ಹಸಿವಾದಂತಾದರೆ ಗ್ಲುಕೋಮೀಟರ್‌ನಲ್ಲಿ ನೋಡಿ. ಅದಿಲ್ಲದಿದ್ದರೆ ಸಕ್ಕರೆ ನೀರು ಅಥವಾ ಬೆಲ್ಲ ತೆಗೆದುಕೊಳ್ಳಿ.

ಕಣ್ಣಿಗೆ ಹನಿ ಹಾಕುವವರು: ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಹನಿಯೂ ಬೀಟಾ ಬ್ಲಾಕರ್. ಕಣ್ಣಿನ ಮೂಲೆಯಿಂದ ಮೂಗಿಗೆ ಇಳಿದು ರಕ್ತ ಸೇರುತ್ತದೆ. ಇದರಿಂದಲೂ ನಾಡಿ ಇಳಿಯಬಹುದು, ಆಸ್ತಮಾ ಕೆರಳಬಹುದು. ಹನಿ ಹಾಕಿದ ಮೇಲೆ ಮೂಗಿನ ಕಡೆಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿದರೆ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಹೃದಯದ ವೈದ್ಯರಿಗೆ ಕಣ್ಣಿನ ಹನಿಯ ವಿಷಯ ಹೇಳಿ.

ಬೇರೆ ಮಾತ್ರೆ ತೆಗೆದುಕೊಳ್ಳುವವರು: ವೆರಪಮಿಲ್, ಡಿಲ್ಟಿಯಾಜೆಮ್ ಜೊತೆ ಸೇರಿದರೆ ನಾಡಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬಿಪಿ ಇಳಿಸುವ ಕೆಲಸಕ್ಕೆ ಅಡ್ಡ ಬರುತ್ತವೆ, ಹೃದಯ ಸೋತವರಿಗೆ ಇನ್ನೂ ಕೆಡುಕು. ಫೆನ್ನಿಯಾಗಲಿ ಬೇರೆ ಮದ್ಯವಾಗಲಿ ತಲೆಸುತ್ತನ್ನು ಹೆಚ್ಚಿಸುತ್ತದೆ.

ಹಾವು ಕಚ್ಚಿದವರು, ಜೇನು ಕಡಿದವರು: ಮೈಗೆ ಒಗ್ಗದೆ ಉಸಿರು ಕಟ್ಟಿದಾಗ ಅಡ್ರಿನಲಿನ್ ಚುಚ್ಚುಮದ್ದು ಕೊಡುತ್ತಾರೆ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಅದು ಚೆನ್ನಾಗಿ ಹತ್ತದೆ ಹೋಗಬಹುದು. ಹಾವಿನ ಕಡಿತಕ್ಕೆ ಆಸ್ಪತ್ರೆಗೆ ಓಡುವುದನ್ನು ಇದಕ್ಕಾಗಿ ತಡಮಾಡಬೇಡಿ. ಅಲ್ಲಿ ಮುಟ್ಟಿದ ಕೂಡಲೇ "ಇವರು ಹಾರ್ಟಿನ ಮಾತ್ರೆ ತಿನ್ನುತ್ತಾರೆ" ಎಂದು ಹೆಸರು ಸಹಿತ ಹೇಳಿ.

ಬಸುರಿಯರು, ಆಪರೇಷನ್‌ಗೆ ಹೋಗುವವರೂ ಮಾತ್ರೆಯ ವಿಷಯ ಮೊದಲೇ ಹೇಳಬೇಕು. ಆಪರೇಷನ್ ಇದೆ ಎಂದು ತಾವಾಗಿಯೇ ನಿಲ್ಲಿಸಬಾರದು.

ನಾಡಿ ಎಣಿಸಲು ಕಲಿಯಿರಿ

ಬಲಗೈಯ ತೋರುಬೆರಳು, ನಡುಬೆರಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ನೇರಕ್ಕೆ ಇಡಿ. ಐದು ನಿಮಿಷ ಸುಮ್ಮನೆ ಕೂತ ಮೇಲೆ ಫೋನಿನ ಸ್ಟಾಪ್‌ವಾಚ್ ಹಚ್ಚಿ ಪೂರ್ತಿ ಒಂದು ನಿಮಿಷ ಎಣಿಸಿ. ವಾರಕ್ಕೆರಡು ಸಲ ಬರೆದಿಟ್ಟರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಇಲ್ಲ.

ಈ ಮಾತ್ರೆಯಲ್ಲಿ 55–60 ಬಡಿತ, ಬೇರೆ ತೊಂದರೆ ಇಲ್ಲದಿದ್ದರೆ, ಮಾತ್ರೆ ತನ್ನ ಕೆಲಸ ಮಾಡುತ್ತಿರುವುದರ ಗುರುತು. 50ಕ್ಕಿಂತ ಕೆಳಗಿದ್ದರೆ ಮುಂದಿನ ಮಾತ್ರೆಗೆ ಮುಂಚೆ ವೈದ್ಯರನ್ನು ಕೇಳಿ. ಬಡಿತ ನಿಧಾನವಾಗಿದ್ದು ಕಣ್ಣು ಕತ್ತಲೆ ಬಂದರೆ, ಎಚ್ಚರ ತಪ್ಪಿದರೆ, ಉಸಿರು ಕಟ್ಟಿದರೆ, ತುಟಿ–ಮುಖ ಊದಿದರೆ, ಎದೆ ಬಿಗಿದು ನೋವು ಎಡಗೈಗೋ ದವಡೆಗೋ ಹರಿದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಕಷಾಯ ಸಾಕಲ್ಲವೇ?

ಹೊಳೆಮತ್ತಿ ತೊಗಟೆ, ಬೆಳ್ಳುಳ್ಳಿ, ಮುರುಗಲ ಸಾರು ಇವನ್ನೆಲ್ಲ ಕುಡಿಯುತ್ತೇವೆ, ಮಾತ್ರೆ ಯಾಕೆ ಎಂದು ಕೇಳುವವರಿದ್ದಾರೆ. ಹೃದಯಾಘಾತ ಆದವರಲ್ಲಿ ಅಥವಾ ಹೃದಯ ಸೋತವರಲ್ಲಿ ಇವು ಬೀಟಾ ಬ್ಲಾಕರ್‌ನ ಜಾಗ ತುಂಬುತ್ತವೆ ಎಂದು ಯಾವ ದೊಡ್ಡ ಪ್ರಯೋಗವೂ ತೋರಿಸಿಲ್ಲ. ಮುರುಗಲ ಸಾರು ಊಟದಲ್ಲಿ ಇರಲಿ. ತೊಗಟೆಯ ಕಷಾಯ ತೆಗೆದುಕೊಳ್ಳುವುದಾದರೆ ವೈದ್ಯರಿಗೆ ಹೇಳಿ. ಯಾವುದನ್ನು ಸೇರಿಸಿದರೂ ಮಾತ್ರೆಯನ್ನು ಕಳೆಯಬೇಡಿ. ನಿಜವಾಗಿ ಬಿಪಿಗೆ ಕೆಲಸ ಮಾಡುವ ಮನೆಮದ್ದು ಬೇಕಿದ್ದರೆ ಉಪ್ಪು ಕಡಿಮೆ ಮಾಡಿ. ನಮ್ಮ ಕಡೆ ಅದರರ್ಥ ಒಣಮೀನು, ಉಪ್ಪಿನಕಾಯಿ, ಹಪ್ಪಳಕ್ಕೆ ಕಡಿವಾಣ ಹಾಕುವುದು.

ಹಾಗಾದರೆ ಜೀವನಪೂರ್ತಿ ತಿನ್ನಲೇಬೇಕೇ?

ಎಲ್ಲರೂ ಅಲ್ಲ. ಬೇರೆ ಹೃದಯ ಕಾಯಿಲೆ ಇಲ್ಲದೆ ಬರೀ ಬಿಪಿ ಇರುವವರಿಗೆ ಈಗ ಹಲವು ಮಾರ್ಗಸೂಚಿಗಳು ಬೀಟಾ ಬ್ಲಾಕರ್ ಅನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಹೃದಯಾಘಾತ ಆದವರ ವಿಷಯದಲ್ಲೂ ಚರ್ಚೆ ನಡೆದಿದೆ. ಹೃದಯದ ಪಂಪು ಮಾಡುವ ಶಕ್ತಿ ಚೆನ್ನಾಗಿ ಉಳಿದ 5,020 ರೋಗಿಗಳ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಬ್ಲಾಕರ್‌ನಿಂದ ಸಾವು ಅಥವಾ ಮತ್ತೊಂದು ಹೃದಯಾಘಾತ ಕಡಿಮೆಯಾದದ್ದು ಕಾಣಲಿಲ್ಲ. ಅದೇ ವರ್ಷ ಫ್ರಾನ್ಸಿನ ಇನ್ನೊಂದು ಪ್ರಯೋಗ, ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದ 3,698 ಜನರಲ್ಲಿ ಮಾತ್ರೆ ನಿಲ್ಲಿಸುವುದು ಮುಂದುವರಿಸಿದಷ್ಟೇ ಸುರಕ್ಷಿತ ಎಂದು ಸಾಬೀತು ಮಾಡಲಾಗಲಿಲ್ಲ. ನಿಲ್ಲಿಸಿದವರು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದು ಹೆಚ್ಚು. ಪಂಪು ಮಾಡುವ ಶಕ್ತಿ ಕುಗ್ಗಿದವರಿಗೆ ಮಾತ್ರ ಇದರ ಲಾಭದ ಬಗ್ಗೆ ಅನುಮಾನವಿಲ್ಲ.

ಇದರಿಂದ ತಿಳಿಯುವುದೇನು? "ಈ ಮಾತ್ರೆ ನನಗೆ ಇನ್ನೂ ಬೇಕೇ?" ಎಂಬುದು ಒಳ್ಳೆಯ ಪ್ರಶ್ನೆ. ಆದರೆ ಅದಕ್ಕೆ ಉತ್ತರ ನಿಮ್ಮ ಎಕೋ ವರದಿ, ಇಸಿಜಿ, ನಾಡಿಯ ಲೆಕ್ಕದಲ್ಲಿದೆ. ವಾಟ್ಸ್‌ಆ್ಯಪ್ ಸಂದೇಶ ಕಳಿಸಿದವರು ಅವು ಯಾವುದನ್ನೂ ನೋಡಿಲ್ಲ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಈ ನಾಲ್ಕನ್ನು ಕೇಳಿ: ಇದನ್ನು ನನಗೆ ಯಾತಕ್ಕೆ ಕೊಟ್ಟಿದ್ದೀರಿ? ಎಷ್ಟು ಕಾಲ ಬೇಕು? ನನ್ನ ನಾಡಿ ಎಷ್ಟರ ಕೆಳಗೆ ಇಳಿದರೆ ಫೋನ್ ಮಾಡಬೇಕು? ನಿಲ್ಲಿಸುವುದಾದರೆ ಹೇಗೆ ಇಳಿಸಬೇಕು?

ಮುಂದೆ ಯಾರಾದರೂ "ಹಾರ್ಟ್ ಮಾತ್ರೆ ಇಂದೇ ಬಿಟ್ಟುಬಿಡಿ" ಎಂಬ ಸಂದೇಶ ಕಳಿಸಿದರೆ ಅದನ್ನು ಮುಂದೆ ತಳ್ಳಬೇಡಿ. ಅದೇ ಗುಂಪಿನಲ್ಲಿ ಇಷ್ಟೇ ಬರೆಯಿರಿ: ಹೆಸರಿನ ಕೊನೆಯಲ್ಲಿ "ಲಾಲ್" ಇರುವ ಮಾತ್ರೆಯನ್ನು ಒಂದೇ ದಿನಕ್ಕೆ ನಿಲ್ಲಿಸಬಾರದು, ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು.